ಎರಡು ಗುಂಡಿನ ನಡುವಿನ ಉಸಿರು

ಆ ವರ್ಷ ಮಳೆ ಬಿಡುವು ಕೊಟ್ಟಾಗಲೆಲ್ಲ ಗದ್ದೆಯಾಚೆಗಿನ ಭಾವನ ಮನೆಯಿಂದ ಒಂದು ಗುಂಡಿನ ಸದ್ದು ಕೇಳುತ್ತಿತ್ತು. ಕೇಳಿದ ಕೂಡಲೇ ನನ್ನ ಗಂಡ ಉತ್ತಯ್ಯ ನಿಂತಲ್ಲೇ ನಿಲ್ಲುತ್ತಿದ್ದರು. ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ, ಎತ್ತಿದ ಕತ್ತಿ ಅಲ್ಲೇ. ಇನ್ನೊಂದು ಸದ್ದು ಬರುತ್ತದೋ ಏನೋ ಎಂದು ಕಾಯುವುದು. ಬರಲಿಲ್ಲವೆಂದರೆ ಏನೂ ಆಗದವರ ಹಾಗೆ ಮತ್ತೆ ಊಟ. ನೋಡಿ ನೋಡಿ ನನಗೇ ಉಸಿರು ಕಟ್ಟುತ್ತಿತ್ತು.

ನಮ್ಮ ಕೊಡವರಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಬೆನ್ನು ಬೆನ್ನಿಗೆ ಎರಡು. ಫೋನು ಇನ್ನೂ ನಮ್ಮ ಬೆಟ್ಟ ಹತ್ತಿರಲಿಲ್ಲ, ಸುದ್ದಿ ಮುಟ್ಟಿಸಲು ಇದ್ದದ್ದು ಕೋವಿಯೊಂದೇ. ಎರಡು ಕೇಳಿತೆಂದರೆ ಮಾತು ಬಿಟ್ಟವನೂ ಚಪ್ಪಲಿ ಹುಡುಕದೆ ಓಡಬೇಕು. ಭಾವ ಮೇದಪ್ಪನಿಗೆ, ಎಂದರೆ ನನ್ನ ಗಂಡನ ಅಣ್ಣನಿಗೆ, ಎದೆಯ ಕಾಯಿಲೆ. ಮಡಿಕೇರಿಯ ಡಾಕ್ಟರು ಕೈಚೆಲ್ಲಿ ಕಳಿಸಿದ್ದರು. ಇಂದೋ ನಾಳೆಯೋ ಎಂದು ಊರಿಗೇ ಗೊತ್ತಿತ್ತು.

ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಕಾರಣ ಆಸ್ತಿಯಲ್ಲ, ಒಂದು ತಡಮೆ, ಬೇಲಿ ಹತ್ತಿ ದಾಟಲು ಕಟ್ಟುವ ಮರದ ಮೆಟ್ಟಿಲು. ಊರಿನವರ ಜೊತೆ ಬೇಟೆಗೆ ಹೋದಾಗ ನಮ್ಮವರು ಗುಂಡು ತುಂಬಿದ ರೈಫಲ್ ಹಿಡಿದೇ ಬೇಲಿಯ ತಡಮೆ ಹತ್ತಿದರಂತೆ. ಕಾಲು ಜಾರಿತು, ನಳಿಗೆ ನಾಲ್ಕು ಜನರ ಎದೆಯ ಮುಂದೆ ಸುತ್ತಿ ಬಂತು. ಗುಂಡು ಹಾರಲಿಲ್ಲ, ಭಾವನ ಕೈ ಹಾರಿತು. ಊರಿನವರೆಲ್ಲ ನೋಡುತ್ತಿರುವಾಗ ಕೆನ್ನೆಗೆ ಬಾರಿಸಿದರು. ಪಟಾಲಮ್ಮಿನಲ್ಲಿ ಹುಡುಗರಿಗೆ ಗುರಿ ಕಲಿಸಿ ಬಂದ ಹವಾಲ್ದಾರರು, ಕೈ ಸ್ವಲ್ಪ ಮುಂದೆ. ನಮ್ಮವರಿಗೆ ಆಗಲೇ ಮೀಸೆ ನರೆಯುತ್ತಿತ್ತು, ಆ ವಯಸ್ಸಿನಲ್ಲಿ ಪೆಟ್ಟು ತಿಂದವರು ಹೇಗೆ ಮರೆಯುತ್ತಾರೆ? ಅಂದಿನಿಂದ ಎರಡು ಮನೆಯ ನಡುವಿನ ತಡಮೆಯನ್ನು ಇಬ್ಬರೂ ದಾಟಲಿಲ್ಲ.

ನಾನು ದಾಟುತ್ತಿದ್ದೆ. ಗಂಡಸರ ಜಗಳಕ್ಕೆ ನಾನೇಕೆ ಬಾಯಿ ಕಟ್ಟಿಕೊಂಡು ಕೂರಲಿ? ಸೆರಗಿನಡಿ ಪಾತ್ರೆ ಇಟ್ಟುಕೊಂಡು ಭಾವನಿಗೆ ಬಿದಿರು ಕಣಿಲೆ ಪಲ್ಯ ಕೊಟ್ಟು ಬರುತ್ತಿದ್ದೆ. ಹಾಗೆ ಹೋದಾಗಲೇ ಗುಂಡಿನ ಗುಟ್ಟು ತಿಳಿದದ್ದು.

ಅಂಗಳದಲ್ಲಿ ಭಾವನ ಒಬ್ಬಳೇ ಮಗಳು ಚೋಂದಮ್ಮ ರೈಫಲ್ ಹಿಡಿದು ನಿಂತಿದ್ದಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಗಂಡ ಹೋದ ದಿನ ಕಿವಿಯ ಪಕ್ಕದಲ್ಲೇ ಹಾರಿಸಿದ ಎರಡು ಗುಂಡು ಅವಳ ತಲೆಯಿಂದ ಇಳಿದಿರಲಿಲ್ಲ. ಪಾತ್ರೆ ಬಿದ್ದರೂ ಬೆಚ್ಚುವ ಹುಡುಗಿ, ಕೈಯಲ್ಲಿ ರೈಫಲ್!

"ಇದೇನು ಭಾವ, ಮಗಳನ್ನ ಪಟಾಲಮ್ಮಿಗೆ ಸೇರಿಸ್ತೀರಾ?" ಎಂದೆ.

ಜಗಲಿಯ ಆರಾಮ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದ ಭಾವ ಕೆಮ್ಮಿದರು. "ನಾನು ಹೋದ್ರೆ ಎರಡು ಗುಂಡು ಹಾರಿಸೋರು ಯಾರು ಬೊಳ್ಳಮ್ಮ? ಗಂಡು ದಿಕ್ಕು ಅಂದ್ರೆ ನಿನ್ನ ಗಂಡ. ಕೋವಿ ಹಿಡಿಯೋಕೆ ಬರದವನ ಕೋವಿ ನನ್ನ ಸಾವಿಗೆ ಕೂಗೋದು ಬೇಡ. ನನ್ನ ಮಗಳೇ ಹಾರಿಸ್ತಾಳೆ."

"ಅಪ್ಪ, ಸಾಯೋ ಮಾತು ಆಡಿದ್ರೆ ಇದನ್ನ ಬಾವಿಗೆ ಎಸೀತೀನಿ," ಎಂದಳು ಚೋಂದಮ್ಮ. ತಿರುಗಿ ಮಾತಾಡುವಾಗ ರೈಫಲ್ಲೂ ಅವಳ ಜೊತೆ ತಿರುಗಿತು.

"ನಳಿಗೆ! ನಳಿಗೆ ಎಲ್ಲಿ ನೋಡ್ತಾ ಇದೆ? ಚಿಕ್ಕಮ್ಮನ ಹೊಟ್ಟೆ ನೋಡ್ತಾ ಇದೆ!"

"ಖಾಲಿ ಇದೆ ಅಪ್ಪ."

"ಖಾಲಿ ಕೋವಿ ಅನ್ನೋದು ಈ ಲೋಕದಲ್ಲೇ ಇಲ್ಲ. ಬೋಲ್ಟ್ ತೆಗಿ, ಕಣ್ಣಲ್ಲಿ ನೋಡು, ಬೆರಳು ಹಾಕಿ ನೋಡು. ಆಮೇಲೂ ತುಂಬಿದೆ ಅಂತಲೇ ಹಿಡಿ. ಬೆರಳು ಟ್ರಿಗರ್ ಮೇಲೆ ಯಾಕಿದೆ? ಗುರಿ ನೋಡೋತನಕ ಅದು ಹೊರಗೆ, ಮರದ ಮೇಲೆ."

ಪಲ್ಯದ ಪಾತ್ರೆ ಹಿಡಿದು ನಾನು ಕಂಬದ ಹಿಂದೆ ಸರಿದೆ.

ಅಂಗಳದ ಕೆಳಗೆ, ಗೋಡೆಯ ಹಾಗೆ ನಿಂತ ಕೆಂಪು ಮಣ್ಣಿನ ಬರೆಯ ಮುಂದೆ ಗೂಟಕ್ಕೆ ತೆಂಗಿನಕಾಯಿ ಸಿಕ್ಕಿಸಿದ್ದರು. ಸಾವಿಗೆ ಎಲ್ಲರೂ ಆಕಾಶಕ್ಕೆ ಹಾರಿಸುತ್ತಾರೆ, ಭಾವನಿಗೆ ಅದೂ ಆಗದು. "ಮೇಲೆ ಹೋದ ಗುಂಡು ಎಲ್ಲಾದ್ರೂ ಬೀಳಲೇಬೇಕು. ಹಿಂದೆ ಮಣ್ಣಿದ್ರೆ ಮಾತ್ರ ಹೊಡಿ," ಎನ್ನುತ್ತಿದ್ದರು. ನಳಿಗೆಯ ಹಿಂದಿನ ಕಂಡಿಯ ನಡುವೆ ಮುಂದಿನ ಮೊನೆ ನಿಲ್ಲಬೇಕು, ಮೊನೆಯ ಮೇಲೆ ಕಾಯಿ ಕೂರಬೇಕು. ಕೋವಿಯ ಮರವನ್ನು ಭುಜಕ್ಕೆ ಒತ್ತಿ ಹಿಡಿಯಬೇಕು. ಉಸಿರು ಎಳೆದು, ಅರ್ಧ ಬಿಟ್ಟು, ನಿಲ್ಲಿಸಿ, ಟ್ರಿಗರ್ ಎಳೆಯದೆ ಮೆತ್ತಗೆ ಹಿಂಡಬೇಕು. ಕೇಳಿ ಕೇಳಿ ನನಗೇ ಬಾಯಿಪಾಠವಾಯಿತು. ಚೋಂದಮ್ಮನಿಗೆ ಮಾತ್ರ ಕಾಯಿ ಸಿಗಲಿಲ್ಲ. ಟ್ರಿಗರ್ ಹಿಂಡುವ ಮೊದಲೇ ಕಣ್ಣು ಮುಚ್ಚಿಬಿಡುತ್ತಿದ್ದಳು.

ಒಂದು ವಿಷಯದಲ್ಲಿ ಭಾವ ಬಹಳ ಬಿಗಿ. ಕಲಿಯುವಾಗ ರೈಫಲ್ಲಿಗೆ ಒಂದೇ ಗುಂಡು. ತಪ್ಪಿದರೆ ಬೋಲ್ಟ್ ತೆಗೆದು ಕೆಳಗಿಟ್ಟು, ಎಲೆಯಡಿಕೆ ಹಾಕಿ ಉಗಿಯುವಷ್ಟು ಹೊತ್ತು ಕಾಯಬೇಕು. ಇಲ್ಲದಿದ್ದರೆ ಊರು ಏನೆಂದುಕೊಂಡೀತು?

ಕೈಲ್ ಮುಹೂರ್ತ ಹತ್ತಿರ ಬಂತು. ಕೋವಿಗೆ ಪೂಜೆ ಮಾಡಿ, ಊರು ಸೇರುವ ಬಯಲಾದ ಮಂದ್‌ನಲ್ಲಿ ಎಲ್ಲರೂ ತೆಂಗಿನಕಾಯಿಗೆ ಗುರಿ ಹಿಡಿಯುವ ಹಬ್ಬ. ಬಾವಿಯ ಹತ್ತಿರ ಸಿಕ್ಕಿದ ಹೆಂಗಸರು ಚೋಂದಮ್ಮನನ್ನು ಬಿಟ್ಟಾರೆಯೇ? "ಏನೇ, ನಿಮ್ಮ ಬರೆಯಲ್ಲಿ ಇನ್ನೂ ಮಣ್ಣು ಉಳಿದಿದೆಯಾ?" ಎಂದಳು ಒಬ್ಬಳು. "ಆ ತೆಂಗಿನಕಾಯಿಗೆ ವಯಸ್ಸಾಗಿ ತಾನೇ ಬೀಳುತ್ತೆ ಬಿಡು," ಎಂದಳು ಇನ್ನೊಬ್ಬಳು. ಚೋಂದಮ್ಮ ಕೊಡವನ್ನು ಅರ್ಧ ತುಂಬಿಸಿಕೊಂಡೇ ಹೊರಟುಹೋದಳು.

ಮರುದಿನ ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ. ಒಂದು ಗುಂಡು ಕೇಳಿತು. ಹೊರಗೆ ಸೌದೆ ಒಡೆಯುತ್ತಿದ್ದ ನಮ್ಮವರ ಕೊಡಲಿ ನಿಂತಿತು. ನಾನು ಉಸಿರು ಬಿಡುವ ಮೊದಲೇ ಇನ್ನೊಂದು ಗುಂಡು.

ನಾನು ಹೊರಗೆ ಬರುವಷ್ಟರಲ್ಲಿ ಅವರು ಒಳಗೆ ನುಗ್ಗಿ ಗೋಡೆಯ ಕೋವಿ ಎಳೆದುಕೊಂಡಿದ್ದರು. ಸಾವಿನ ಮನೆಗೆ ತಮ್ಮನಾದವನು ಬರಿಗೈಯಲ್ಲಿ ಹೋಗುವುದಿಲ್ಲ. "ಅಣ್ಣ," ಎಂದರು, ಅಷ್ಟೇ. ಆ ಮಾತು ಅವರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು! ಬರಿಗಾಲಲ್ಲಿ ಗದ್ದೆಯ ಬದುವಿನ ಮೇಲೆ ಓಡಿದರು, ಹಿಂದೆ ನಾನು. ತಡಮೆಯ ಹತ್ತಿರ ಸರಕ್ಕನೆ ನಿಂತರು. ಅಳುತ್ತಲೇ ಬೋಲ್ಟ್ ತೆಗೆದರು, ಒಳಗೆ ಬೆರಳು ಹಾಕಿ ನೋಡಿದರು, ಕೋವಿಯನ್ನು ಬೇಲಿಯಾಚೆ ನೆಲದ ಮೇಲಿಟ್ಟು, ಆಮೇಲೆ ಹತ್ತಿ ಇಳಿದರು.

ಜಗಲಿಯಲ್ಲಿ ಭಾವ ಕಾಫಿ ಕುಡಿಯುತ್ತಿದ್ದರು.

ಅಂಗಳದ ನಡುವೆ ಚೋಂದಮ್ಮ ಬಿಳಿಚಿಕೊಂಡು ನಿಂತಿದ್ದಳು. ಹಿಂದಿನ ದಿನದ ಮಾತು ಚುಚ್ಚಿ, ಅಪ್ಪನ ಕಣ್ಣು ತಪ್ಪಿಸಿ ಎರಡು ಗುಂಡು ತುಂಬಿದ್ದಳು. ಮೊದಲನೆಯದು ತಪ್ಪಿತು. ಸಿಟ್ಟು ಬಂತು, ಬೋಲ್ಟ್ ಎಳೆದು ಇನ್ನೊಂದನ್ನೂ ಬಿಟ್ಟಳು. ಅದೂ ತಪ್ಪಿತು. ಅಷ್ಟರಲ್ಲಿ ಊರೇ ಬಂತು, ಬಿಳಿ ಬಟ್ಟೆ ಸುತ್ತಿಕೊಂಡು ಗಂಡಸರು, ಕೂದಲು ಬಿಚ್ಚಿ ದಾರಿಯಿಂದಲೇ ಅಳು ತೆಗೆದ ಹೆಂಗಸರು. ಬಾವಿಯ ಹತ್ತಿರ ಹಂಗಿಸಿದವಳಂತೂ, "ಅಯ್ಯೋ ಮೇದಪ್ಪಣ್ಣ, ನಮ್ಮನ್ನ ಬಿಟ್ಟು ಹೋದ್ಯಲ್ಲಾ!" ಎಂದು ಅಂಗಳಕ್ಕೆ ಬಂದವಳು ಕುರ್ಚಿಯಲ್ಲಿದ್ದವರನ್ನು ನೋಡಿ ಬಾಯಿ ತೆರೆದಂತೆಯೇ ನಿಂತಳು.

"ಕೂತ್ಕೋ, ಕೂತ್ಕೋ. ಬಂದಿದ್ದೀಯ, ಕಾಫಿ ಕುಡಿದು ಹೋಗು," ಎಂದರು ಭಾವ.

ನಗು ಎಲ್ಲಿಂದ ಶುರುವಾಯಿತೋ, ಅಂಗಳವೆಲ್ಲ ನಕ್ಕಿತು. ನಮ್ಮವರು ನಗಲಿಲ್ಲ. ಮುಖದ ಮೇಲೆ ಕಣ್ಣೀರು ಹಾಗೇ ಇತ್ತು. ಭಾವ ಅವರನ್ನೇ ನೋಡುತ್ತಿದ್ದರು. ಒಂದು ಒಳ್ಳೆಯ ಮಾತು ಆಗ ಬಂದಿದ್ದರೆ! ಅವರು ಹೇಳಿದ್ದು ಮಗಳಿಗೆ. "ನೋಡಿದ್ಯಾ ಚೋಂದು? ತಡಮೆ ಹತ್ತೋ ಮೊದಲು ಕೋವಿ ಖಾಲಿ ಮಾಡಿದ. ಅಂತೂ ಕಲಿತ."

ಅದು ಹೊಗಳಿಕೆಯೇ. ನನಗೆ ಗೊತ್ತು. ಆದರೆ ಜನ ಮತ್ತೆ ನಕ್ಕರು. ನಮ್ಮವರ ಮುಖ ಕೆಂಪಾಯಿತು.

"ಊರ ಮುಂದೆ ಎರಡನೇ ಸಲ ನನ್ನ ಮಾನ ತೆಗೆದೆ," ಎಂದರು. "ಇನ್ನು ನೀನು ನಿಜವಾಗಿ ಸತ್ರೂ ನಾನು ಈ ತಡಮೆ ದಾಟಲ್ಲ."

ಭಾವ ಕಾಫಿಯ ಲೋಟ ಕೆಳಗಿಟ್ಟು ಬರೆಯ ಕಡೆ ಮುಖ ತಿರುಗಿಸಿದರು. ಇಬ್ಬರನ್ನೂ ಹಿಡಿದು ಎಮ್ಮೆಯ ಕೊಟ್ಟಿಗೆಗೆ ಕಟ್ಟಿಹಾಕಬೇಕು ಎನಿಸಿತು ನನಗೆ.

ಆಮೇಲೆ ಊರಿಗೆ ಅದೊಂದು ತಮಾಷೆಯಾಯಿತು. ಗುಂಡು ಕೇಳಿದರೆ, "ಮೇದಪ್ಪಣ್ಣ ಕಾಫಿಗೆ ಕರೀತಿದ್ದಾರೆ," ಎನ್ನುವುದು. ಚೋಂದಮ್ಮನಿಗೆ ಇದು ನಗುವ ಮಾತಾಗಿರಲಿಲ್ಲ. ಒಂದು ದಿನ ನನ್ನ ಕೈ ಹಿಡಿದುಕೊಂಡು, "ಚಿಕ್ಕಮ್ಮ, ನಿಜವಾಗಿ ಹಾರಿಸೋ ದಿನ ಯಾರೂ ಬರದೆ ಹೋದ್ರೆ? ಅಪ್ಪನ್ನ ನಾನೊಬ್ಬಳೇ ಹೊರಲಾ?" ಎಂದು ಅತ್ತಳು. ಅವತ್ತಿನಿಂದ ನನಗೂ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಭಾವ ಹಟ ಬಿಡಲಿಲ್ಲ. ಹಬ್ಬ ಕಳೆದ ಮೇಲೆ ಖಾಲಿ ರೈಫಲ್ಲಿನಲ್ಲೇ ಎರಡು ಗುಂಡಿನ ಪಾಠ ಶುರುಮಾಡಿದರು. ಮೊದಲನೆಯದು, ಬೋಲ್ಟ್, ಒಂದು ಪೂರ್ತಿ ಉಸಿರು, ಎರಡನೆಯದು. "ಅವತ್ತು ನೀನು ಹೊಡೆದದ್ದು ಸಿಟ್ಟಲ್ಲಿ, ಅದಕ್ಕೆ ಉಸಿರೇ ಇರಲಿಲ್ಲ. ಅಳು ಬಂದ್ರೂ ಬರಲಿ, ನಡುವಿನ ಆ ಉಸಿರು ತಪ್ಪಿಸಬೇಡ." ಮಾತಿಗೂ ಮಾತಿಗೂ ನಡುವೆ ಅವರಿಗೇ ಉಸಿರು ಸಾಲುತ್ತಿರಲಿಲ್ಲ. ಕೊನೆಗೊಂದು ದಿನ ನಿಜವಾದ ಒಂದೇ ಗುಂಡಿನಲ್ಲಿ ಕಾಯಿ ಒಡೆಯಿತು. ಕಣ್ಣು ತೆರೆದೇ ಹೊಡೆದಿದ್ದಳು. ಭಾವ ಕುರ್ಚಿಯಲ್ಲೇ ಚಪ್ಪಾಳೆ ತಟ್ಟಿ, ಕೆಮ್ಮು ಬಂದು ಒಳಗೆ ಹೋಗಿ ಮಲಗಿದರು. ಮತ್ತೆ ಜಗಲಿಗೆ ಬರಲಿಲ್ಲ.

ಕಾಫಿ ಕುಯ್ಲಿನ ಸಮಯ. ಊರೆಲ್ಲ ತೋಟದಲ್ಲಿತ್ತು, ನಾವೂ ಇದ್ದೆವು. ಬಿಸಿಲು ಏರುವ ಹೊತ್ತಿಗೆ ಗದ್ದೆಯಾಚೆಯಿಂದ ಒಂದು ಗುಂಡು ಕೇಳಿತು. ಸ್ವಲ್ಪ ತಡೆದು ಇನ್ನೊಂದು.

ಪಕ್ಕದ ತೋಟದಿಂದ ಯಾರೋ ಕೂಗಿದರು, "ಓಯ್, ಮೇದಪ್ಪಣ್ಣನ ಮನೇಲಿ ಕಾಫಿ ರೆಡಿ!" ಎಲ್ಲರೂ ನಕ್ಕು ಕೆಲಸ ಮುಂದುವರಿಸಿದರು. ಬುಟ್ಟಿಗೆ ಹಣ್ಣು ಬೀಳುವ ಸದ್ದು ನಿಲ್ಲಲಿಲ್ಲ. ಆ ಹುಡುಗಿ ಅಂಗಳದಲ್ಲಿ ಒಬ್ಬಳೇ ನಿಂತು ದಾರಿ ನೋಡುತ್ತಿದ್ದರೆ?

ನಮ್ಮವರು ಕೊಂಬೆ ಹಿಡಿದಂತೆಯೇ ನಿಂತಿದ್ದರು.

"ರೀ, ಗುರಿ ಕಲೀತಿರಬೇಕು ಅಲ್ವಾ?" ಎಂದೆ, ಅಲ್ಲವೆಂದು ಗೊತ್ತಿದ್ದರೂ.

"ಅಲ್ಲ," ಎಂದರು. "ನಡುವೆ ಉಸಿರು ಬಿಟ್ಟು ಹೊಡೆದಳು. ಅಣ್ಣ ನನಗೂ ಹಾಗೇ ಕಲಿಸಿದ್ದ."

ಕೊಂಬೆ ಬಿಟ್ಟು ಮನೆಗೆ ನಡೆದರು. ನಾನು ಹಿಂದೆಯೇ ಓಡಿದೆ. ಕೋವಿ ತೆಗೆದುಕೊಂಡು ಅಂಗಳಕ್ಕೆ ಬಂದರು, ಎರಡು ಗುಂಡು ಹಾಕಿದರು, ಹಿತ್ತಿಲ ಬರೆಯ ಕಡೆ ತಿರುಗಿದರು. ಆಕಾಶ ನೋಡಲೇ ಇಲ್ಲ. ಒಂದು ಹಾರಿಸಿದರು. ಬೋಲ್ಟ್ ಎಳೆದು, ಉಸಿರು ತುಂಬಿಕೊಂಡು, ಬಿಟ್ಟು, ಇನ್ನೊಂದು ಹಾರಿಸಿದರು. ಭಾವ ಯಾರ ಕೋವಿ ಬೇಡವೆಂದಿದ್ದರೋ ಅದೇ ಕೋವಿ ಅವರ ಸಾವನ್ನು ಊರಿಗೆ ಹೇಳಿತು.

ಮಾತು ಬಿಟ್ಟ ಮನೆಯಿಂದ ಎರಡು ಗುಂಡು ಬಂದ ಮೇಲೆ ಯಾರಿಗೂ ನಗು ಬರಲಿಲ್ಲ. ಬೆಟ್ಟದ ತುಂಬ ಬುಟ್ಟಿ ಕೆಳಗಿಡುವ ಸದ್ದು ಕೇಳಿತು. ತೋಟದ ದಾರಿಗಳಲ್ಲಿ ಜನ ಇಳಿಯತೊಡಗಿದರು.

ನಮ್ಮವರು ತಡಮೆಯ ಹತ್ತಿರ ಬಂದು ನಿಂತರು. ಆಚೆ ಅಂಗಳದಲ್ಲಿ ಚೋಂದಮ್ಮ ಕಾಣುತ್ತಿದ್ದಳು. ಬೋಲ್ಟ್ ತೆರೆದ ರೈಫಲ್ಲನ್ನು ನಳಿಗೆ ನೆಲಕ್ಕೆ ಮಾಡಿ ಹಿಡಿದು, ನಮ್ಮ ದಾರಿಯನ್ನೇ ನೋಡುತ್ತಿದ್ದಳು. ಇವರು ಬೋಲ್ಟ್ ತೆಗೆಯಲು ನೋಡಿದರು, ಆಗಲಿಲ್ಲ. ಮತ್ತೆ ನೋಡಿದರು. ಕಣ್ಣಲ್ಲಿ ನೀರು ತುಂಬಿ ಏನೂ ಕಾಣುತ್ತಿರಲಿಲ್ಲವೋ ಏನೋ, ಕೋವಿಯನ್ನು ನನ್ನ ಕೈಗೆ ಕೊಟ್ಟರು.

"ಖಾಲಿ ಇದೆಯಾ ನೋಡು ಬೊಳ್ಳಮ್ಮ. ಬೆರಳು ಹಾಕಿ ನೋಡು," ಎಂದರು. "ಅಣ್ಣ ನೋಡ್ತಾ ಇರ್ತಾನೆ."

ನಾನು ನಳಿಗೆಯನ್ನು ಗದ್ದೆಯ ಮಣ್ಣಿಗೆ ತಿರುಗಿಸಿ ಬೋಲ್ಟ್ ತೆಗೆದೆ. ಒಳಗೆ ಬೆರಳಿಟ್ಟೆ, ಇನ್ನೂ ಬೆಚ್ಚಗಿತ್ತು. ಖಾಲಿ ಇದೆ ಎಂದೆ. ಅವರು ತಡಮೆ ಹತ್ತಿ ಆಚೆ ಇಳಿದರು.