ಯಾರ ಹೆಂಡತಿಯೂ ಅಲ್ಲದವಳು

ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಿದ್ದಾಗ ಬೆಲ್ ಸದ್ದಾಯಿತು. ನಾಗರತ್ನಾ ಹಿಟ್ಟಿನ ಕೈಯಲ್ಲೇ ಹೋಗಿ ಬಾಗಿಲ ಕಿಂಡಿಗೆ ಕಣ್ಣಿಟ್ಟಳು. ಹೊರಗೆ ಶಿವಕುಮಾರಿ ನಿಂತಿದ್ದಳು. ಮೈಮೇಲೆ ಸಮವಸ್ತ್ರವಿರಲಿಲ್ಲ, ಮಾಸಿದ ಚೂಡಿದಾರ, ಎಣ್ಣೆ ಕಾಣದ ತಲೆ.

ನಾಗರತ್ನಾ ಸದ್ದಾಗದಂತೆ ಹಿಂದೆ ಸರಿದಳು. ಶಾಲೆಯ ಬೂಟಿಗೆ ಲೇಸು ಕಟ್ಟಿಕೊಳ್ಳುತ್ತಿದ್ದ ಮಗಳು ಧಾತ್ರಿಯನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದಳು, "ಶಿವಿ ಬಂದಾಳ. ಮಮ್ಮಿ ಮನ್ಯಾಗ ಇಲ್ಲ ಅನ್ನು."

"ಯಾಕ? ಶಿವು ದೀದಿ ಅಲ್ಲಾ?"

"ಹೇಳಿದಷ್ಟ ಮಾಡವ್ವಾ."

ಧಾತ್ರಿ ಮುಚ್ಚಿದ ಬಾಗಿಲಿಗೆ ಮುಖ ಮಾಡಿ, ಶಾಲೆಯಲ್ಲಿ ಪಾಠ ಒಪ್ಪಿಸುವಂತೆ ಹೇಳಿದಳು, "ದೀದಿ, ಮಮ್ಮಿ ಘರ್ ಪೆ ನಹೀಂ ಹೈ."

ಆಚೆಯಿಂದ ಮೆತ್ತನೆಯ ದನಿ ಬಂತು. "ಆತು ಪುಟ್ಟಿ. ನಾಳೆ ಹತ್ತಕ್ಕ ವಿಚಾರಣೆ ಐತಿ ಅಂತ ಮಮ್ಮಿಗೆ ಹೇಳು. ನನ್ನ ಜೋಡಿ ಯಾರೂ... ಇರ್ಲಿ, ಅಷ್ಟ ಹೇಳು. ಮತ್ತ ರೊಟ್ಟಿ ಹೊತ್ತಾಕತ್ತಾವ ನೋಡು, ಗ್ಯಾಸ್ ಬಂದ್ ಮಾಡು."

ಮೆಟ್ಟಿಲಿಳಿಯುವ ಹೆಜ್ಜೆಯ ಸದ್ದು ದೂರವಾಯಿತು. ನಾಗರತ್ನಾ ಓಡಿಹೋಗಿ ಒಲೆ ಆರಿಸಿದಳು. ಮುಖ ಸುಟ್ಟುಕೊಂಡವಳ ಹಾಗೆ ಅಲ್ಲೇ ನಿಂತಳು.

"ಮಮ್ಮಿ, ಒಂದು ಕೇಳ್ಲಾ?"

"ಆಮ್ಯಾಲೆ. ಬಸ್ ಬರ್ತೈತಿ."

ಉಪನಗರದ ಈ ಮಿಲಿಟರಿ ಕ್ವಾರ್ಟರ್ಸಿಗೆ ಶಿವಕುಮಾರಿ ಬಂದು ವರ್ಷವಾಗಿತ್ತು. ಮುಧೋಳದ ಕಡೆಯ ಹುಡುಗಿ, ಮಿಲಿಟರಿ ಪೊಲೀಸಿನಲ್ಲಿ ಸಿಪಾಯಿ. ನಾಗರತ್ನಾಳ ಗಂಡ ಸುಬೇದಾರ್ ಅಣವೀರಪ್ಪ ಪಕ್ಕದ ಬೀಳಗಿಯವನೆಂದು ತಿಳಿದ ದಿನವೇ ಮನೆ ಹುಡುಕಿಕೊಂಡು ಬಂದಿದ್ದಳು. "ಅಕ್ಕಾ, ಮೆಸ್ಸಿನ ಚಪಾತಿ ತಿಂದು ತಿಂದು ನಾಲಿಗಿ ಸತ್ತೋಗೈತಿ" ಎಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನಾಲ್ಕು ರೊಟ್ಟಿ ಮುಗಿಸಿದ್ದಳು. ಅಂದಿನಿಂದ ಭಾನುವಾರವೆಂದರೆ ಅವಳು ಮನೆಯವಳೇ. ಧಾತ್ರಿಗೆ ಬೊರಿವಲಿ ಲೋಕಲ್ ರೈಲಿನಲ್ಲಿ ಜಗಳವಾಡುವ ಹೆಂಗಸರ ಅಣಕ ಮಾಡಿ ತೋರಿಸಿ ನಗಿಸುತ್ತಿದ್ದಳು.

ಹೋದ ತಿಂಗಳ ಒಂದು ಮಧ್ಯಾಹ್ನ ಮಾತ್ರ ಅವಳು ನಗುತ್ತ ಬರಲಿಲ್ಲ. ಬಂದವಳೇ ಬಚ್ಚಲಿಗೆ ನುಗ್ಗಿ, ಸಮವಸ್ತ್ರ ಸಮೇತ ನೆಲದ ಮೇಲೆ ಕೂತು, ತೋಳುಗಳನ್ನು ಉಜ್ಜಿ ಉಜ್ಜಿ ತೊಳೆಯತೊಡಗಿದಳು. ತೋಳಿನ ಗುಂಡಿ ಕಿತ್ತು ಹೋಗಿತ್ತು. ಗೋದಾಮಿನ ಕೀಲಿ ತಾ ಎಂದು ಕರೆಸಿದ ಮೇಜರ್ ಸಾಹೇಬ ಒಳಗಿನಿಂದ ಬಾಗಿಲು ಹಾಕಿದ್ದನಂತೆ. ಕಚ್ಚಿ, ಒದ್ದು ತಪ್ಪಿಸಿಕೊಂಡು ಬಂದಿದ್ದಳು. ನಾಗರತ್ನಾ ಅವಳನ್ನು ಎತ್ತಿ, ತನ್ನ ಸೀರೆ ಉಡಿಸಿ, ತಲೆ ನೇವರಿಸಿದಳು. ಒಳಕೋಣೆಯಲ್ಲಿ ಧಾತ್ರಿ ಪುಸ್ತಕ ಹಿಡಿದು ಕೂತಿದ್ದಳು. ಪುಟ ತಿರುವಿದ ಸದ್ದು ಮಾತ್ರ ಬರಲಿಲ್ಲ.

ಅಲ್ಲಿಯವರೆಗೆ ನಾಗರತ್ನಾ ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು.

ಕ್ವಾರ್ಟರ್ಸಿನಲ್ಲಿ ಒಂದು ರೂಢಿ. ಮಾಳಿಗೆ ಸೋರಲಿ, ಮಗುವಿಗೆ ಶಾಲೆ ಸಿಗದಿರಲಿ, ಗಂಡ ಕುಡಿದು ಹೊಡೆಯಲಿ, ಹೆಂಗಸರು ಹೋಗಿ ಕರ್ನಲ್ ಸಾಹೇಬರ ಹೆಂಡತಿಗೆ ಹೇಳುತ್ತಾರೆ. ಅವರು ಗಂಡನ ಕಿವಿಗೆ ಹಾಕುತ್ತಾರೆ, ಸಂಜೆಯೊಳಗೆ ಕೆಲಸವಾಗುತ್ತದೆ. ಸುಮಿತ್ರಾ ಮೇಡಂ ಬೆಂಗಳೂರಿನವರು, ಕನ್ನಡದಲ್ಲೇ ಕಷ್ಟ ಹೇಳಿಕೊಳ್ಳಬಹುದು. ನಾಗರತ್ನಾ ಮರುದಿನ ಬೆಳಿಗ್ಗೆಯೇ ಹೋಗಿ, ಸೋರುವ ಮಾಳಿಗೆಯ ಸುದ್ದಿ ಹೇಳಿದ ಹಾಗೆಯೇ, ನಂಬಿ ಎಲ್ಲವನ್ನೂ ಹೇಳಿಬಿಟ್ಟಳು. ಸಂಜೆಯೊಳಗೆ ಕೆಲಸವಾಯಿತು. ಮೇಜರನಿಗೆ ಸುದ್ದಿ ಮುಟ್ಟಿತು. ಶಿವಕುಮಾರಿಗೆ ಹಿಂದಿನ ಗೇಟಿನ ರಾತ್ರಿ ಕಾವಲು ಬಿತ್ತು. ಹುಡುಗಿಯ ನಡತೆ ಸರಿಯಿಲ್ಲ, ಶಿಸ್ತಿಗೆ ಬಗ್ಗುವವಳಲ್ಲ ಎಂಬ ಮಾತು ಕಾಲೋನಿ ತುಂಬ ಹರಡಿತು. ಕೊನೆಗೆ ಅವಳು ಯಾರನ್ನೂ ಕೇಳದೆ ತಾನೇ ದೂರು ಬರೆದು ಕೊಟ್ಟಳು. ಅದರ ವಿಚಾರಣೆ ನಾಳೆ.

ಧಾತ್ರಿಯನ್ನು ಬಸ್ಸಿಗೆ ಹತ್ತಿಸಿ ಬರುವಷ್ಟರಲ್ಲಿ ಅಣವೀರಪ್ಪ ಪರೇಡ್ ಮುಗಿಸಿ ಬಂದಿದ್ದ. ಹೊತ್ತಿದ ರೊಟ್ಟಿಯನ್ನು ನೋಡಿಯೂ ಏನೂ ಅನ್ನದೆ ಮುರಿದುಕೊಂಡ.

"ಶಿವಿ ಬಂದಿದ್ಲು ರೀ. ನಾಳೆ ಐತಂತ."

"ಗೊತ್ತು."

"ಆಕಿ ಮೊದಲ ಬಂದು ಹೇಳಿದ್ದು ನನಗ. ಆವತ್ತಿನ ಆಕಿ ಅವತಾರ ಕಣ್ಣಾರೆ ಕಂಡಾಕಿ ನಾ ಒಬ್ಬಾಕಿನ."

ಅಣವೀರಪ್ಪ ತಟ್ಟೆ ಸರಿಸಿದ. "ನೋಡು ನಾಗೂ, ಆಕಿ ಸುಳ್ಳು ಹೇಳ್ಯಾಳ ಅಂತ ನಾ ಅನ್ನಂಗಿಲ್ಲ. ಆ ಮನಿಷಾನ ಹಣೆಬರಹ ನನಗ ಗೊತ್ತಿಲ್ಲೇನು? ಆದ್ರ ನನ್ನ ರಿಪೋರ್ಟ್ ಬರಿಯಾಂವ ಅವನ. ಈ ಸಲ ಬಡ್ತಿ ತಪ್ಪಿದ್ರ ರಿಟೈರ್ ಆಗಿ ಮನೀಗೆ ಹೋಗೂದ. ನಡುವರ್ಷದಾಗ ಈ ಹುಡುಗೀನ ಎಲ್ಲಿ ಸಾಲೀಗೆ ಹಾಕ್ತಿ?"

"ಮತ್ತ ಆ ಹುಡುಗಿ?"

"ಆಕಿಗೆ ಕಮಿಟಿ ಐತಿ, ಕಾನೂನು ಐತಿ."

"ಕಮಿಟಿ ಕೈ ಹಿಡಿದು ಕರಕೊಂಡು ಹೋಗ್ತೈತೇನ್ರಿ?"

ಅವನು ಎದ್ದು ಕೈ ತೊಳೆದುಕೊಂಡು, "ಸಂಜಿಗೆ ಲೇಡೀಸ್ ಮೀಟ್ ಐತಿ, ತಪ್ಪಿಸಬ್ಯಾಡ. ಕರ್ನಲ್ ಸಾಹೇಬ್ರು ಖುದ್ದು ಹೇಳ್ಯಾರ" ಎಂದ.

ಸಂಜೆ ಸಭಾಂಗಣದಲ್ಲಿ ಎಂದಿನಂತೆ ಮುಂದೆ ಅಧಿಕಾರಿಗಳ ಹೆಂಡಂದಿರಿಗೆ ಸೋಫಾ, ಅವರ ಹಿಂದೆ ಸುಬೇದಾರರ ಹೆಂಡಂದಿರಿಗೆ ಕುರ್ಚಿ, ಕೊನೆಗೆ ಜವಾನರ ಹೆಂಡಂದಿರಿಗೆ ಜಮಖಾನೆ. ಯಾರೂ ಹೇಳಬೇಕಾಗಿರಲಿಲ್ಲ; ಗಂಡನ ಹೆಗಲ ಮೇಲಿನ ಪಟ್ಟಿ ನೋಡಿಕೊಂಡು ಹೆಂಗಸರು ತಮ್ಮ ಜಾಗಕ್ಕೆ ತಾವೇ ಹೋಗುತ್ತಿದ್ದರು.

"ಮಮ್ಮಿ, ಶಿವು ದೀದಿ ಬಂದ್ರ ಎಲ್ಲಿ ಕೂಡ್ತಾಳ?" ಧಾತ್ರಿ ಕೇಳಿದಳು.

"ಆಕಿ ಬರಂಗಿಲ್ಲ. ಇದು ಹೆಂಡ್ರ ಮೀಟಿಂಗು."

ಹೇಳಿದ ಮೇಲೆ ನಾಗರತ್ನಾ ಸುತ್ತ ನೋಡಿದಳು. ಸೋಫಾ, ಕುರ್ಚಿ, ಜಮಖಾನೆಗಳ ಮೇಲೆ ಅವಳ ಕಣ್ಣು ಓಡಾಡಿತು. ಇಲ್ಲಿ ಯಾರ ಕಷ್ಟಕ್ಕೂ ಒಂದು ದಾರಿಯಿತ್ತು, ಆ ದಾರಿ ಗಂಡನ ಹೆಸರಿನಿಂದ ಶುರುವಾಗುತ್ತಿತ್ತು. ಶಿವಕುಮಾರಿ ಯಾರ ಹೆಂಡತಿಯೂ ಅಲ್ಲ.

ಚಹಾದ ಹೊತ್ತಿಗೆ ಸುಮಿತ್ರಾ ಮೇಡಂ ತಾವೇ ಬಂದು ಅವಳ ಪಕ್ಕ ಕೂತರು. ಉಳಿದವರು ಅರ್ಥಮಾಡಿಕೊಂಡು ದೂರ ಸರಿದರು.

"ಸಮೋಸ ತಗೊಳ್ಳಿ ನಾಗರತ್ನಾ. ಮುಖ ಯಾಕೆ ಬಾಡಿದೆ?"

"ಏನಿಲ್ಲ ಮೇಡಂ."

"ನಾಳೆ ನಿಮ್ಮನ್ನೂ ಕರೆಸಬಹುದು. ಆವತ್ತು ಆ ಹುಡುಗಿ ನಿಮ್ಮನೆಗೆ ಬಂದಿರಲಿಲ್ಲ ಅಂದುಬಿಡಿ, ಸಾಕು." ಮೇಡಂ ದನಿ ತಗ್ಗಿಸಿದರು. "ನನ್ನನ್ನ ಕಲ್ಲು ಅಂದ್ಕೋಬೇಡಿ. ನನಗೂ ಸಂಕಟ ಆಗುತ್ತೆ. ಆದ್ರೆ ಇದು ಪೇಪರಿಗೆ ಹೋದ್ರೆ ನಾಳೆ ಯಾವ ಅಪ್ಪ ಮಗಳನ್ನ ಸೈನ್ಯಕ್ಕೆ ಕಳಿಸ್ತಾನೆ ಹೇಳಿ? ಹೆಣ್ಣುಮಕ್ಕಳು ಈಗತಾನೆ ಒಳಗೆ ಬರ್ತಿದ್ದಾರೆ. ನಾವೆಲ್ಲ ಒಂದೇ ಕುಟುಂಬ ಅಲ್ವಾ?"

"ಮೇಡಂ, ಆಕಿನೂ..." ಎಂದು ನಾಗರತ್ನಾ ಅರ್ಧಕ್ಕೇ ನಿಲ್ಲಿಸಿದಳು. ತನ್ನ ತಲೆ ತಾನಾಗಿಯೇ ಅಲ್ಲಾಡಿ ಒಪ್ಪಿಗೆ ಕೊಟ್ಟದ್ದು ಅವಳಿಗೆ ಆಮೇಲೆ ಗೊತ್ತಾಯಿತು. ಮೇಡಂ ಅವಳ ಕೈ ಅದುಮಿ ಎದ್ದುಹೋದರು. ಆ ಅದುಮುವಿಕೆ ಮನೆಗೆ ಬಂದರೂ ಕೈ ಬಿಡಲಿಲ್ಲ. ಸೋಪು ಹಾಕಿ ತೊಳೆದಳು. ಮತ್ತೆ ತೊಳೆದಳು. ಹೀಗೆಯೇ ತೋಳು ಉಜ್ಜುತ್ತಿದ್ದವಳು ಯಾರೆಂದು ನೆನಪಾಗಿ ನಲ್ಲಿ ನಿಲ್ಲಿಸಿದಳು.

ಮರುದಿನ ಬೆಳಿಗ್ಗೆ ಅವಳು ಹೊರಗೆ ಹೋಗುವ ಸೀರೆ ಉಟ್ಟಿದ್ದನ್ನು ಅಣವೀರಪ್ಪ ನೋಡಿದ. ಬೆಲ್ಟು ಬಿಗಿಯುತ್ತಿದ್ದವನ ಕೈ ನಿಂತಿತು.

"ಎಲ್ಲಿಗೆ?"

"ಶಿವಿ ಜೋಡಿ. ಕೇಳಿದ್ರ ಕಂಡದ್ದು ಹೇಳ್ತೀನಿ. ಕೇಳದಿದ್ರ ನಾನ ಒಳಗ ಹೋಗಿ ಹೇಳ್ತೀನಿ."

"ಮೇಡಮ್ಮಗ ಹೂಂ ಅಂದು ಬಂದೀಯಂತ?"

"ಹೂಂ ಅಂದಿದ್ದೆ. ಅದು ನನ್ನ ಬಾಯಿ ಅಲ್ಲ, ನಿಮ್ಮ ಹೆಗಲ ಮ್ಯಾಲಿನ ಪಟ್ಟಿ ಅಂದಿದ್ದು."

ಅವನು ಬಾಗಿಲಿಗೆ ಅಡ್ಡಲಾಗಿ ನಿಂತ. "ಇಪ್ಪತ್ತಾರು ವರ್ಷದ ನೌಕರಿ ನಾಗೂ! ಹಿಮದಾಗ ಕಾಲ ಬೆರಳು ಕಳಕೊಂಡೀನಿ ಇದಕ್ಕ. ಯಾರದೋ ಮಗಳ ಸಲುವಾಗಿ ಎಲ್ಲಾ ನೀರಾಗ ಹಾಕಂತೀಯೇನು?"

"ನಾ ಮೇಡಂ ಮುಂದ ಹೇಳಿದ್ದಕ್ಕ ಆಕಿ ಈ ಗತಿಗೆ ಬಂದಾಳ್ರಿ. ಅದನ್ನ ಹೊತ್ಕೊಂಡು ಹೆಂಗ ನಿದ್ದಿ ಮಾಡ್ಲಿ? ಸರೀರಿ."

ಅವನು ಸರಿಯಲಿಲ್ಲ. ಅವಳೂ ಹಿಂದಕ್ಕೆ ಹೋಗಲಿಲ್ಲ. ಕೆಳಗೆ ಶಾಲೆಯ ಬಸ್ಸು ಹಾರ್ನ್ ಹೊಡೆಯಿತು. ಬೆನ್ನಿಗೆ ಚೀಲ ಹಾಕಿಕೊಂಡ ಧಾತ್ರಿ ಇಬ್ಬರ ನಡುವೆ ಬಂದು ನಿಂತಳು.

"ಮಮ್ಮಿ, ಈಗಾರ ಕೇಳ್ಲಾ?"

ನಿನ್ನೆಯಿಂದ ಆ ಮಾತಿಗೆ ನಾಗರತ್ನಾಳ ಬಳಿ 'ಆಮ್ಯಾಲೆ' ಎಂಬ ಒಂದೇ ಉತ್ತರವಿತ್ತು. ಈಗ ಮಗಳ ತಲೆಯ ಮೇಲೆ ಕೈಯಿಟ್ಟು, "ಕೇಳು. ಪಪ್ಪಾಗೂ ಕೇಳುವಂಗ ಕೇಳು" ಎಂದಳು.

ಧಾತ್ರಿ ತಂದೆಯ ಕಡೆ ತಿರುಗಿದಳು. ಅವಳ ಕನ್ನಡ ಯಾವಾಗಲೂ ಅರ್ಧಕ್ಕೆ ಹಿಂದಿಗೆ ಜಾರುತ್ತಿತ್ತು. ಇವತ್ತು ಒಂದೊಂದೇ ಪದ ಹುಡುಕಿ, ಜೋಡಿಸಿ ಕೇಳಿದಳು.

"ಪಪ್ಪಾ, ನನಗ ಯಾರಾರ ಶಿವು ದೀದಿಗೆ ಮಾಡಿದಂಗ ಮಾಡಿದ್ರ, ನಾನು ಯಾರ ಮನೀಗೆ ಹೋಗ್ಬೇಕು?"