ಟೈಲರಜ್ಜಿಯ ಕೆಂಪು ಬಟ್ಟೆ

ಸಮಾಜಸೇವೆ ಮಾಡಬೇಕು ಅನ್ನುವವರು ಮೊದಲು ತಮ್ಮ ಮೊಣಕಾಲನ್ನು ಒಂದು ಮಾತು ಕೇಳಬೇಕು. ನಾನು ಕೇಳಲಿಲ್ಲ. ನನ್ನ ಹೊಲಿಗೆ ಅಂಗಡಿಯ ಮುಂದೆ ರಸ್ತೆ, ರಸ್ತೆಯ ಆಚೆ ಶಾಲೆ. ಇಳಿಜಾರಿನಲ್ಲಿ ಬರುವವರಿಗೆ ಗಾಡಿಯಲ್ಲಿ ಬ್ರೇಕ್ ಅಂತ ಒಂದಿದೆ ಎಂದು ಯಾರೂ ಹೇಳಿಕೊಟ್ಟಿಲ್ಲ. ಒಂದು ಬೆಳಿಗ್ಗೆ ಒಂದು ಹೆಣ್ಣುಮಗುವಿನ ಚೀಲ ವ್ಯಾನಿನ ಕನ್ನಡಿಗೆ ಸಿಕ್ಕಿ, ಮಗು ಗಿರ್ರನೆ ತಿರುಗಿ ನನ್ನ ಮೆಟ್ಟಿಲ ಮೇಲೆ ಬಂದು ಬಿತ್ತು. ಅದಕ್ಕೆ ಏನೂ ಆಗಲಿಲ್ಲ, ಎದ್ದು ಲಂಗ ಕೊಡವಿಕೊಂಡು ಹೋಯಿತು. ನನಗೆ ಮಾತ್ರ ಆ ದಿನವೆಲ್ಲ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಕೋಟಿನ ಅಸ್ತರಿಗೆ ತಂದು ಮಿಕ್ಕಿದ್ದ ಕೆಂಪು ಬಟ್ಟೆಯನ್ನು ಹಳೇ ಕೊಡೆಯ ಕೋಲಿಗೆ ಹೊಲಿದು, ಮಾರನೆಯ ದಿನ ರಸ್ತೆಯ ಮಧ್ಯೆ ಹೋಗಿ ನಿಂತೆ.

ನಿಂತವಳು ನಿಂತೇಬಿಟ್ಟೆ. ಬೆಳಿಗ್ಗೆ ಶಾಲೆ ಕೂಡುವಾಗ, ಸಂಜೆ ಬಿಡುವಾಗ, ಬಿಸಿಲಿರಲಿ ಮಳೆಯಿರಲಿ. ಮಕ್ಕಳ ಬಾಯಲ್ಲಿ ನಾನು ಟೈಲರಜ್ಜಿ ಆದೆ. ಅವರಿಗೆ ನಾನು ಕಲಿಸಿದ್ದು ಒಂದೇ ಪಾಠ.

"ಬಟ್ಟೆ ಮೇಲೇಳೋ ತನಕ ಕಾಲು ರಸ್ತೆಗೆ ಇಟ್ಟೀರಾ, ಜೋಕೆ! ಕಿವಿ ಹಿಡಿದು ಕಾಜಾ ಹೊಲಿದುಬಿಡ್ತೀನಿ."

ಮಕ್ಕಳು ಹಾಗೇ ಕಲಿತವು. ದೊಡ್ಡವರು ಶಾಲೆ ಬಿಟ್ಟುಹೋದರು, ಚಿಕ್ಕವರು ಬಂದರು, ಪಾಠ ಹಾಗೇ ಉಳಿಯಿತು. ಅಷ್ಟರಲ್ಲಿ ನನ್ನ ಬಲಮೊಣಕಾಲು ಎಣ್ಣೆ ಕಾಣದ ಮಿಷನ್ನಿನ ಹಾಗೆ ಕಟಕಟ ಅನ್ನತೊಡಗಿತ್ತು. ಡಾಕ್ಟರು ಫೋಟೋ ತೆಗೆಸಿ, "ಆಪರೇಷನ್ ಆಗಬೇಕು, ಆಮೇಲೆ ಹೀಗೆ ನಿಲ್ಲೋದು ಬೇಡ" ಎಂದರು.

ನಮ್ಮ ಯಜಮಾನರು ಅಂಗಡಿಯಲ್ಲಿ ನನ್ನ ಪಕ್ಕ ಕೂತು ಗುಂಡಿ ಹಾಕುವವರು. ಅವರಿಗೆ ಬಾಯಿ ತುಂಬ ಗಾದೆ.

"ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು. ಬಿಟ್ಹಾಕು ಮಾರಾಯ್ತಿ."

"ಬಿಟ್ಟರೆ ನೀವು ನಿಲ್ತೀರಾ?"

ಅವರು ಗುಂಡಿಯ ಡಬ್ಬಿಯೊಳಗೆ ಕೈಹಾಕಿ ಏನೋ ಹುಡುಕತೊಡಗಿದರು.

ನಮ್ಮ ರಸ್ತೆಗೊಂದು ಸಂಘ ಇದೆ. ಅದಕ್ಕೊಬ್ಬರು ಅಧ್ಯಕ್ಷರು, ಪೇಂಟಿನ ಅಂಗಡಿಯವರು. ಫೋನಿನಲ್ಲಿ ಒಂದು ಗ್ರೂಪೂ ಇದೆ. ನನ್ನ ಕಾಲಿನ ವಿಷಯ ಬರೆದು, ಬದಲಿಗೆ ಯಾರಾದರೂ ನಿಲ್ಲುತ್ತೀರಾ ಎಂದು ಕೇಳಿದೆ. ಕೈಮುಗಿಯುವ ಚಿತ್ರಗಳು ದಂಡಿಯಾಗಿ ಬಂದವು. 'ನಿಮ್ಮಂಥವರು ಬೇಕು ಅಮ್ಮ' ಎಂದು ಒಬ್ಬರು, 'ನೀವೇ ನಮಗೆ ಸ್ಫೂರ್ತಿ' ಎಂದು ಇನ್ನೊಬ್ಬರು. ಇಷ್ಟು ಕೈಗಳು ಬಂದವು, ನಿಲ್ಲಲು ಒಂದು ಜೊತೆ ಕಾಲು ಬರಲಿಲ್ಲ. ಆ ರಾತ್ರಿ ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಉಳಿದದ್ದು ಒಂದೇ ದಾರಿ. ಶಾಲೆಯ ಮುಂದೆ ಒಂದು ಹಂಪ್ ಬಿದ್ದರೆ ಗಾಡಿಗಳು ತಾವಾಗಿಯೇ ನಿಧಾನ ಆಗುತ್ತವೆ, ನಾನು ಬಟ್ಟೆ ಕೆಳಗಿಟ್ಟು ಆಸ್ಪತ್ರೆಗೆ ಹೋಗಬಹುದು. ಸಂಘದವರು ಅರ್ಜಿ ಕೊಟ್ಟರು. ಪುರಸಭೆಯ ಮೆಟ್ಟಿಲು ನಾನು ಎಷ್ಟು ಸಲ ಹತ್ತಿದೆನೋ, ಮೊಣಕಾಲಿಗೇ ಗೊತ್ತು. ಕೊನೆಗೂ, ಗಾಡಿಗಳು ಎಷ್ಟು ವೇಗದಲ್ಲಿ ಹೋಗುತ್ತವೆಂದು ಅಳೆಯಲು ಒಬ್ಬರನ್ನು ಕಳಿಸುತ್ತೇವೆ ಎಂದರು.

ಅಧ್ಯಕ್ಷರಿಗೆ ಹುರುಪೋ ಹುರುಪು.

"ನಮ್ಮ ಒಗ್ಗಟ್ಟು ತೋರಿಸಬೇಕು ಅಮ್ಮ. ಒಂದು ಮನೆಯೂ ತಪ್ಪಬಾರದು. ಎಲ್ಲರ ಕೈಲೂ ಕೆಂಪು ಬಾವುಟ!"

ಆ ಬಾವುಟಗಳನ್ನೆಲ್ಲ ಹೊಲಿದವಳು ನಾನೇ. ಬೇಡ ಅನ್ನುವ ಬುದ್ಧಿ ನನಗೂ ಬರಲಿಲ್ಲ. ಇಷ್ಟು ವರ್ಷ ಒಬ್ಬಳೇ ನಿಂತವಳಿಗೆ, ಜನ ಬರುತ್ತಾರೆ ಅಂದಾಗ ಒಳಗೊಳಗೇ ಖುಷಿಯಾಗಿತ್ತು.

ಆ ಬೆಳಿಗ್ಗೆ ಜನವೋ ಜನ. ಯಾವತ್ತೂ ಮುಖ ಕಾಣದವರೆಲ್ಲ ರಸ್ತೆಯ ಎರಡೂ ಬದಿಗೆ ಸಾಲುಗಟ್ಟಿದರು. ಪೀಪಿ ಊದಿದರು. 'ನಿಧಾನವಾಗಿ ಚಲಿಸಿ' ಎಂದು ಇಷ್ಟುದ್ದದ ಬ್ಯಾನರು. ಮಧ್ಯದಲ್ಲಿ ಯಥಾಪ್ರಕಾರ ನಾನು. ಪುರಸಭೆಯವನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ವೇಗ ಅಳೆಯುವ ಮಿಷನ್ ಇಟ್ಟು ಕಾದ. ಇಳಿಜಾರಿನಲ್ಲಿ ಬಂದ ಒಂದೊಂದು ಗಾಡಿಯೂ ಇಷ್ಟು ಜನ, ಇಷ್ಟು ಬಾವುಟ ಕಂಡು ಹೆದರಿ, ಮದುಮಗಳ ಹಾಗೆ ಹೆಜ್ಜೆ ಮೇಲೆ ಹೆಜ್ಜೆ ಇಟ್ಟುಕೊಂಡು ಹೋಯಿತು.

ಅವನು ಮಿಷನ್ ಮಡಚಿದ.

"ಅಮ್ಮ, ಇಲ್ಲಿ ಗಾಡಿಗಳು ನಡ್ಕೊಂಡು ಹೋಗ್ತಿವೆ. ಸೈಕಲ್ ಇದಕ್ಕಿಂತ ಜೋರು. ಹಂಪ್ ಯಾಕೆ?"

"ಅಯ್ಯೋ ಸ್ವಾಮಿ, ನಾವು ನಿಂತಿರೋದಕ್ಕೆ ಹಾಗೆ ಹೋಗ್ತಿವೆ!"

"ಹಾಗಾದ್ರೆ ನಿಂತ್ಕೊಳ್ಳಿ. ಚೆನ್ನಾಗೇ ನಡೀತಿದೆಯಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಂಘದವರೆಲ್ಲ ಒಟ್ಟಿಗೆ ಫೋಟೋ ತೆಗೆಸಿಕೊಂಡು ಮನೆಗೆ ಹೋದರು. ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ. ಸಿಟ್ಟು ಯಾರ ಮೇಲೆ ಮಾಡಲಿ? ಬಾವುಟ ಹೊಲಿದ ಕೈ ನನ್ನದೇ.

ನನ್ನ ಮುಖ ನೋಡಿ ಆ ಪುರಸಭೆಯವನಿಗೇ ಅಯ್ಯೋ ಅನ್ನಿಸಿರಬೇಕು. ಹತ್ತಿರ ಬಂದು ದನಿ ತಗ್ಗಿಸಿದ.

"ನೀವು ಯಾವಾಗ ನಿಲ್ಲಲ್ಲ ಅಮ್ಮ?"

"ಶಾಲೆಗೆ ರಜೆ ಇದ್ದಾಗ."

"ಆಗ ಇನ್ನೊಂದು ಸಲ ಬರ್ತೀನಿ. ಆದ್ರೆ ನಿಮ್ಮ ಈ ಜಾತ್ರೆ ಬೇಡ."

ಮಾತಿಗೆ ತಪ್ಪಲಿಲ್ಲ, ಪುಣ್ಯಾತ್ಮ. ದೊಡ್ಡ ರಜೆಯಲ್ಲಿ ನಾನು ಆಸ್ಪತ್ರೆಯ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದಾಗ ಅವನು ಬಂದನಂತೆ. ಗಾಡಿಗಳು ರೊಯ್ಯನೆ ಹೋದವಂತೆ. ಯಜಮಾನರು ಫೋನು ಮಾಡಿ, "ಹಂಪ್ ಹಾಕ್ತಿದಾರೆ ಕಣೇ!" ಎಂದರು. ಆ ದನಿಯಲ್ಲಿ ಗಾದೆ ಇರಲಿಲ್ಲ. ನನಗೆ ಆ ಮಧ್ಯಾಹ್ನ ಬಂದಂಥ ನಿದ್ದೆ ಎಷ್ಟೋ ವರ್ಷದಿಂದ ಬಂದಿರಲಿಲ್ಲ.

ಶಾಲೆ ತೆರೆದ ದಿನ ಊರುಗೋಲು ಪಕ್ಕಕ್ಕಿಟ್ಟು ಅಂಗಡಿಯಲ್ಲಿ ಕೂತೆ. ಕಪ್ಪು ಬಿಳುಪು ಪಟ್ಟೆ ಬಳಿದ ಹಂಪ್ ಹೊರಗೆ ಹೊಳೆಯುತ್ತಿತ್ತು. ಇಳಿಜಾರಿನ ವ್ಯಾನುಗಳು ಅಲ್ಲಿ ಬಂದು ಬಾಲ ಮುದುರಿಕೊಂಡವು. ಅಧ್ಯಕ್ಷರು ಬಂದು, "ಹೋರಾಟಕ್ಕೆ ಜಯ ಸಿಕ್ತು ನೋಡಿ ಅಮ್ಮ" ಎಂದರು. ಆಗಲಿ ಮಹರಾಯ ಎಂದುಕೊಂಡು ಟೀಗೆ ಹೇಳಿದೆ. ಕೆಂಪು ಬಟ್ಟೆ ಮೊಳೆಗೆ ನೇತುಬಿದ್ದಿತ್ತು. ಇನ್ನು ಅದನ್ನು ಬಿಚ್ಚಿ ಯಾರದಾದರೂ ಜೇಬಿಗೆ ಒಳಬಟ್ಟೆ ಮಾಡಬೇಕು.

ಶಾಲೆಯ ಗಂಟೆ ಹೊಡೆಯಿತು. ರಸ್ತೆಯಲ್ಲಿ ಸದ್ದೇ ಇಲ್ಲ. ಏನಪ್ಪಾ ಎಂದು ಬಗ್ಗಿ ನೋಡಿದೆ. ನಮ್ಮ ಬದಿಯ ಅಂಚಿನಲ್ಲಿ ಮಕ್ಕಳು ಗುಂಪುಗೂಡಿ ನಿಂತಿದ್ದವು. ಒಂದು ಗಾಡಿ ಹಂಪಿನ ಮುಂದೆ ನಿಂತು ದಾರಿ ಬಿಟ್ಟಿತು, ಹಾರ್ನ್ ಹೊಡೆಯಿತು, ಬೇಸತ್ತು ಹೊರಟುಹೋಯಿತು. ಒಂದು ಮಗುವೂ ಕಾಲು ಕೆಳಗಿಡಲಿಲ್ಲ. ಎಲ್ಲರ ಕಣ್ಣೂ ನನ್ನ ಅಂಗಡಿಯ ಬಾಗಿಲ ಮೇಲೆ.

"ದಾಟ್ರೋ! ಹಂಪ್ ಬಂದಿದೆಯಲ್ಲ!" ಎಂದು ಕೂತಲ್ಲಿಂದಲೇ ಕೂಗಿದೆ.

"ಬಟ್ಟೆ ಎತ್ತಿಲ್ಲ ಅಜ್ಜಿ," ಎಂದವು.

ಅಧ್ಯಕ್ಷರು ಮೊಳೆಯಿಂದ ಬಟ್ಟೆ ತೆಗೆದುಕೊಂಡು ಹೋಗಿ ಎತ್ತಿ ಹಿಡಿದರು. ಮಕ್ಕಳು ಅವರನ್ನು ಮೇಲಿಂದ ಕೆಳಗೆ ನೋಡಿದವು.

"ನೀವಲ್ಲ. ಅಜ್ಜಿ."

ಇಷ್ಟು ವರ್ಷ ನನ್ನ ಬಟ್ಟೆ ನೋಡಿ ಎಂದೆನೇ ಹೊರತು, ರಸ್ತೆ ನೋಡಿ ಎಂದು ಒಂದು ದಿನವೂ ಹೇಳಿರಲಿಲ್ಲ. ಪುರಸಭೆಯವರು ಡಾಂಬರು ಹಾಕಿ ಹೋದರು. ಈ ಕೆಲಸಕ್ಕೆ ಮತ್ತೆ ನಾನೇ ಏಳಬೇಕು. ಹಾಳು ಕಾಲು ಇನ್ನೂ ಸರಿಯಾಗಿ ಮಡಚುತ್ತಿರಲಿಲ್ಲ. ಊರುಗೋಲು ಹಿಡಿದು ಎದ್ದೆ.

"ಬಲಕ್ಕೆ ನೋಡ್ರೋ. ಎಡಕ್ಕೆ ನೋಡ್ರೋ. ಗಾಡಿ ಇದೆಯಾ?"

"ಇಲ್ಲ ಅಜ್ಜಿ."

"ಮತ್ತೆ?"

"ಮತ್ತೆ ಏನು ಮಾಡೋದು ಅಜ್ಜಿ?" ಎಂದಿತು ಮುಂದಿನ ಸಾಲಿನ ಒಂದು ಪುಟ್ಟಿ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಾಯಲ್ಲಿ ಹೇಳಿದರೆ ಆಗುವ ಕೆಲಸ ಅಲ್ಲ ಇದು. ನಾನೇ ಮೊದಲು ರಸ್ತೆಗೆ ಕಾಲಿಟ್ಟೆ. ಹಿಂದೆ ಮಕ್ಕಳು ಬಂದವು, ಹೆಜ್ಜೆಗೊಮ್ಮೆ ಬಲಕ್ಕೆ ಎಡಕ್ಕೆ ಕತ್ತು ತಿರುಗಿಸುತ್ತ. ಆಚೆ ಬದಿ ಮುಟ್ಟಿದೆವು. ಆಗ ನೆನಪಾಯಿತು, ನನ್ನ ಅಂಗಡಿ ಆ ಬದಿಯಲ್ಲೇ ಉಳಿದಿದೆ ಎಂದು.

ಕೆಂಪು ಬಟ್ಟೆಯೂ ಅಲ್ಲೇ ಅಧ್ಯಕ್ಷರ ಕೈಯಲ್ಲಿತ್ತು. ಅದಿಲ್ಲದೆ ಈ ರಸ್ತೆಯನ್ನು ನಾನು ಕೊನೆಯ ಸಲ ಯಾವಾಗ ದಾಟಿದ್ದೆನೋ ನೆನಪಿಲ್ಲ. ಇಳಿಜಾರಿನಿಂದ ಒಂದು ವ್ಯಾನು ಬಂದು ಹಂಪಿನ ಮುಂದೆ ನಿಂತಿತು, ಡ್ರೈವರ್ 'ಬನ್ನಿ' ಎಂದು ಕೈ ಆಡಿಸಿದ. ನನಗೆ ಕಾಲು ಏಳಲಿಲ್ಲ. ಹಿಂದೆ ತಿರುಗಿ ನೋಡಿದೆ. ಮಕ್ಕಳು ಒಳಗೆ ಹೋಗಿರಲಿಲ್ಲ, ಶಾಲೆಯ ಗೇಟಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದವು.

ಬಲಕ್ಕೆ ನೋಡಿದೆ, ಎಡಕ್ಕೆ ನೋಡಿದೆ, ದಾಟಿದೆ.