ಕೆಂಪು ಕಾಣದ ಕಾಗದ

ಟ್ರೇಗೆ ದ್ರಾವಣ ಸುರಿಯುತ್ತಿದ್ದಂತೆ ಹುಳಿ ವಾಸನೆ ಮೂಗಿಗೆ ಅಡರಿತು. ಚಿಕ್ಕಂದಿನಲ್ಲಿ ಅಪ್ಪ ಕೆನ್ನೆ ಸವರಿದಾಗಲೆಲ್ಲ ಬರುತ್ತಿದ್ದ ವಾಸನೆ. ಈಗ ಅಪ್ಪ ಹಜಾರದಲ್ಲಿ ಬಿಳಿ ಬಟ್ಟೆಯಡಿ ಮಲಗಿದ್ದರು. ಮಗಳು ಅವರ ಕತ್ತಲೆಕೋಣೆಯಲ್ಲಿ, ಕೆಂಪು ದೀಪದ ಕೆಳಗೆ ಒಬ್ಬಳೇ ನಿಂತಿದ್ದಳು.

"ಊರವರ ಮುಖವನ್ನೆಲ್ಲ ತೆಗೆದ ನಮ್ಮ ಕತ್ತಲೆರಾಯ. ತನ್ನದೊಂದು ಇಟ್ಕೊಳ್ಳಲಿಲ್ಲ ನೋಡಿ," ಹೊರಗೆ ಪಕ್ಕದಂಗಡಿಯ ದರ್ಜಿ ಯಾರಿಗೋ ಹೇಳುತ್ತಿದ್ದ.

ಅಣ್ಣ ಬಾಗಿಲು ಬಡಿದ. "ಗಾಡಿ ಬಂದು ನಿಂತಿದೆ. ಫೋಟೊ ಕೈಗೆ ಬರೋವರೆಗೂ ಎತ್ತೋಕೆ ಬಿಡಲ್ಲ ಅಂತ ಅಮ್ಮ ಕೂತಿದ್ದಾಳೆ. ಇನ್ನೆಷ್ಟು ಹೊತ್ತೇ?"

"ಬಡೀಬೇಡ ಕಣೋ, ಮುದ್ರಿಸೋ ಯಂತ್ರ ಅಲುಗುತ್ತೆ! ಬಾಗಿಲು ತೆಗೆದರೆ ಬೆಳಕು ಬಿದ್ದು ಇರೋ ಒಂದು ಹಾಳೇನೂ ಹೋಯ್ತು."

ಅಪ್ಪ ಇರುವ ನೆಗೆಟಿವ್ ಮನೆಯಲ್ಲಿ ಇದೊಂದೇ, ಅದೂ ಬಣ್ಣದ್ದು. ಬಣ್ಣದ ಲ್ಯಾಬು ದೂರದ ಪೇಟೆಯಲ್ಲಿ. ಇಲ್ಲಿದ್ದದ್ದು ಕಪ್ಪು-ಬಿಳುಪಿನ ಕಾಗದ. ಅದಕ್ಕೆ ಕೆಂಪು ಕಾಣದು, ಕೆಂಪೆಲ್ಲ ಕಪ್ಪಾಗಿ ಬೀಳುತ್ತದೆ. ಬಿಸಿಲಿಗೆ ಕೆಂಪೇರಿದ್ದ ಅಪ್ಪನ ಮುಖ ಹಿಂದಿನ ಹಾಳೆಯಲ್ಲಿ ಮಸಿ ಬಳಿದಂತೆ ಬಂದಿತ್ತು. ಅದರಲ್ಲಿ ಅವರ ಕೆನ್ನೆಗೆ ಕೆನ್ನೆ ಒತ್ತಿ ನಿಂತ ಪುಟ್ಟ ಹುಡುಗಿ ಅವಳೇ. ಅವಳ ಇನ್ನೊಂದು ಕೆನ್ನೆಯ ಹುಟ್ಟುಮಚ್ಚೆಯೂ ಕೆಂಪೇ.

*

ಅವಳ ಫೋಟೊ ಮುದ್ರಿಸುವಾಗಲೆಲ್ಲ ಅಪ್ಪ ತಂತಿಯ ತುದಿಗೆ ಅಂಟಿಸಿದ ರಟ್ಟಿನ ಬಿಲ್ಲೆಯನ್ನು ಬೆಳಕಿಗೆ ಅಡ್ಡ ಹಿಡಿದು ಆಡಿಸುತ್ತಿದ್ದರು.

"ನೆರಳು ಬಿದ್ದ ಕಡೆ ತಿಳಿಯಾಗುತ್ತೆ. ಕೈ ಮಾತ್ರ ನಿಲ್ಲಿಸಬಾರದು."

"ನಂಗೆ ಮಾತ್ರ ಯಾಕಪ್ಪಾ?"

"ನನ್ನ ಮಗಳಿಗೆ ಮಸಿ ಬಳಿಯೋಕೆ ಈ ಕಾಗದ ಯಾವ ದೊಡ್ಡ ಮನುಷ್ಯ?"

ಅವಳ ಯಾವ ಫೋಟೊದಲ್ಲೂ ಮಚ್ಚೆ ಇರಲಿಲ್ಲ.

*

ಕೊನೆಯ ಹಾಳೆ ಇಟ್ಟಳು. ಯಂತ್ರದ ದೀಪದ ಸ್ವಿಚ್ಚು ಕೆಟ್ಟಿತ್ತು, ಒಂದು ಕೈ ಅದನ್ನು ಒತ್ತಿ ಹಿಡಿದೇ ಇರಬೇಕು. ಉಳಿದದ್ದು ಒಂದು ಕೈ, ಒಂದು ಬಿಲ್ಲೆ, ಎರಡು ಮುಖ. ನೆಗೆಟಿವ್‌ನ ಕಿತ್ತಳೆ ಬಣ್ಣ ಜಿಪುಣನಂತೆ ಬೆಳಕು ಬಿಡುತ್ತಿತ್ತು. ಬಹಳ ಹೊತ್ತು ಹಿಡಿಯಬೇಕಾಯಿತು. ಬಿಲ್ಲೆ ತಾನಾಗಿ ಮಗುವಿನ ಕೆನ್ನೆಯತ್ತ ಸರಿಯಿತು. ಅವಳು ಅದನ್ನು ಅಪ್ಪನ ಮುಖಕ್ಕೆ ಎಳೆದು ತಂದು ಅಲ್ಲೇ ಆಡಿಸಿದಳು.

ಟ್ರೇಯಲ್ಲಿ ಮೊದಲು ಮೂಡಿದ್ದು ಮಚ್ಚೆ, ಕಪ್ಪಗೆ. ಆಮೇಲೆ ಪಕ್ಕದಲ್ಲಿ ಅಪ್ಪನ ಕಣ್ಣು, ಮೂಗು, ತಿಳಿಯಾದ ನಗು.

ಒದ್ದೆ ಫೋಟೊ ಕಂಡು ಅಣ್ಣ, "ನಿನ್ನ ಕೆನ್ನೆ ಕಣೇ..." ಎಂದ.

"ಗೊತ್ತು. ಅಮ್ಮನಿಗೆ ಕೊಡು."

ಅಮ್ಮ ಫೋಟೊ ನೋಡಿದಳು, ಮಗಳನ್ನು ನೋಡಿದಳು. "ಇನ್ನು ಎತ್ತಿ," ಎಂದಳು.

ಎಲ್ಲ ಮುಗಿಸಿ ಬಂದಾಗ ದರ್ಜಿಯ ಮನೆಯಿಂದ ಊಟ ಬಂದಿತ್ತು. ಅಮ್ಮ ತಟ್ಟೆಗೆ ಬಡಿಸಿ ಮಗಳ ಬಳಿ ತಂದಳು. ಮಗಳು ಚಾಚಿದ, ಹುಳಿ ವಾಸನೆ ಇನ್ನೂ ಬಿಡದ ಕೈಯನ್ನು ಹಿಡಿದು, ಮೂಗಿನ ಹತ್ತಿರ ಒಯ್ದು, ಉಸಿರೆಳೆದುಕೊಂಡಳು. ಆಮೇಲೆ ತಟ್ಟೆಯನ್ನು ಆ ಕೈಯಲ್ಲಿಟ್ಟಳು.